ಅಮಾವಾಸ್ಯೆಯ ಜೇನು: ಬಿಳಿಗಿರಿರಂಗನ ಬೆಟ್ಟದಲ್ಲಿ ನಾಲ್ಕು ದಿನ

ಮೊದಲ ದಿನ

ಯಳಂದೂರಿನಲ್ಲಿ ಬಸ್ಸಿಳಿದಾಗ ಮಧ್ಯಾಹ್ನ ಒಂದೂವರೆ. ಮೇ ತಿಂಗಳ ಬಿಸಿಲಿಗೆ ರಸ್ತೆಯ ಟಾರು ಮೆತ್ತಗಾಗಿ ಚಪ್ಪಲಿಗೆ ಅಂಟುತ್ತಿತ್ತು. ಬಿಳಿಗಿರಿರಂಗನ ಬೆಟ್ಟಕ್ಕೆ ಇಲ್ಲಿಂದ ಸುಮಾರು 24 ಕಿಲೋಮೀಟರ್. ಗುಂಬಳ್ಳಿಯ ಚೆಕ್‌ಪೋಸ್ಟನ್ನು ಹಗಲಿರುವಾಗಲೇ ದಾಟಿಕೊಳ್ಳಬೇಕು, ಕತ್ತಲಾದ ಮೇಲೆ ಪ್ರವಾಸಿಗರಿಗೆ ಗೇಟು ತೆಗೆಯುವುದಿಲ್ಲ. ಹೊರಟಿದ್ದು ಇಲ್ಲಿನ ಕಾಡಿನ ಬುಡಕಟ್ಟಿನವರಾದ ಸೋಲಿಗರು ಹೆಜ್ಜೇನು ಕೀಳುವುದನ್ನು ನೋಡಲು. ಅಮಾವಾಸ್ಯೆಗೆ ಎರಡು ದಿನ ಬಾಕಿಯಿತ್ತು. ಆ ಕೆಲಸಕ್ಕೆ ಬೇಕಾದದ್ದು ಗಟ್ಟಿ ಕತ್ತಲೆ, ಅದಕ್ಕೇ ಪಂಚಾಂಗ ನೋಡಿ ದಿನ ಇಟ್ಟುಕೊಂಡದ್ದು.

ಗುಂಬಳ್ಳಿ ದಾಟಿದೊಡನೆ ಹೊಲಗಳು ಮುಗಿದು ಒಣ ಕುರುಚಲು ಶುರುವಾಗುತ್ತದೆ. ಮೇಲೇರಿದಂತೆ ಮತ್ತಿ, ಹೊನ್ನೆ, ತಾರೆ. ಅರ್ಧ ಗಂಟೆಯಲ್ಲಿ ಬೇಸಿಗೆಯನ್ನು ಕೆಳಗೆ ಬಿಟ್ಟು ಬಂದಂತಾಗಿ ಜೀಪಿನೊಳಗೆ ತಣ್ಣನೆ ಗಾಳಿ ನುಗ್ಗಿತು. ಜೀಪು ಓಡಿಸುತ್ತಿದ್ದ ಹುಡುಗ ಒಂದು ತಿರುವಿನಲ್ಲಿ ನಿಲ್ಲಿಸಿ ರಸ್ತೆಯ ಮೇಲಿನ ಲದ್ದಿ ತೋರಿಸಿದ. ಮೇಲೆ ಇನ್ನೂ ಹಸಿ ಹೊಳಪಿತ್ತು. ಆನೆ ಎದುರಾದರೆ ಹಾರನ್ ಹೊಡೆಯಬಾರದು, ಕಣ್ಣಿಗೆ ಲೈಟು ಬಿಡಬಾರದು, ಇಂಜಿನ್ ನಿಲ್ಲಿಸಬಾರದು. ದೂರದಲ್ಲೇ ತಡೆದು, ಅದು ಮುಂದೆ ಬಂದರೆ ಅಷ್ಟೇ ನಿಧಾನಕ್ಕೆ ಹಿಂದೆ ಸರಿಯಬೇಕು ಎಂದ. ಹಿಂದೆ ಸರಿಯಲು ಜಾಗ ಇಲ್ಲದಂತೆ ಮತ್ತೊಂದು ಕಾರು ಬಂದು ಅಂಟಿಕೊಳ್ಳುವುದೇ ಇಲ್ಲಿನ ದೊಡ್ಡ ಅಪಾಯವಂತೆ.

ಈ ಬೆಟ್ಟಸಾಲಿಗೆ ಬೇಟೆಯ ನಂಟು ಹಳೆಯದು. 1874ರಲ್ಲಿ ಸ್ಯಾಂಡರ್ಸನ್ ಎಂಬ ಅಧಿಕಾರಿ ಚಾಮರಾಜನಗರದ ಕಡೆಯ ತಪ್ಪಲಿನಲ್ಲಿ ಖೆಡ್ಡಾ ನಡೆಸಿ ಆನೆಗಳ ಹಿಂಡನ್ನೇ ಹಿಡಿದಿದ್ದ. ಕ್ಯಾತದೇವರ ಗುಡಿಯಲ್ಲಿ ಮೈಸೂರು ಮಹಾರಾಜರ ಬೇಟೆ ಬಂಗಲೆಯಿತ್ತು, ಈಗ ಅಲ್ಲಿ ಪ್ರವಾಸಿಗರ ಶಿಬಿರವಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಪ್ರಾಣಿ ಬೇಟೆ ಅಪರಾಧ. 1974ರಲ್ಲಿ ಅಭಯಾರಣ್ಯ, 2011ರಲ್ಲಿ ಹುಲಿ ಮೀಸಲು ಪ್ರದೇಶ. ನಡುವೆ ಕೆಲವು ವರ್ಷ ಮಾರಾಟಕ್ಕೆ ಜೇನು, ನೆಲ್ಲಿಕಾಯಿ, ಪಾಚಿ ತರುವುದನ್ನೂ ತಡೆದಿದ್ದರು. ಅರಣ್ಯ ಹಕ್ಕು ಕಾಯಿದೆಯಡಿ 2011ರಲ್ಲಿ ಇಲ್ಲಿನ ಸೋಲಿಗರ ಪೋಡುಗಳಿಗೆ, ಅಂದರೆ ಹಾಡಿಗಳಿಗೆ, ಸಮುದಾಯ ಹಕ್ಕುಪತ್ರ ಸಿಕ್ಕಿತು. ಹುಲಿ ಮೀಸಲು ಪ್ರದೇಶದೊಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲಿ ಇದೇ ಮೊದಲು. ಹೀಗೆ ಈ ಕಾಡಿನಲ್ಲಿ ಕಾನೂನಿನ ಒಪ್ಪಿಗೆಯಿಂದ ಉಳಿದಿರುವ ಬೇಟೆಯೆಂದರೆ ಜೇನು ಬೇಟೆ ಒಂದೇ. ಅದೂ ಸೋಲಿಗರದು ಮಾತ್ರ. ಹೊರಗಿನವರು ರಾತ್ರಿ ಕಾಡು ಹೊಗುವಂತಿಲ್ಲ. ಕೊಯ್ಲು ನೋಡಬೇಕೆಂದರೆ ಪೋಡಿನ ಕಾಫಿ ತೋಟದ ಅಂಚಿನಲ್ಲಿ ಜೇನು ಕೂತ ಮರ ಸಿಗಬೇಕು, ಮನೆಯವರು ಒಪ್ಪಬೇಕು. ಈ ಸಲ ಎರಡೂ ಕೂಡಿಬಂದವು.

ಸಂಜೆ ಪೋಡಿನಲ್ಲಿ ರಾಗಿಮುದ್ದೆ, ಹುರುಳಿಕಾಳಿನ ಬಸ್ಸಾರು, ಬೇಲಿಯಂಚಿನಲ್ಲಿ ಕಿತ್ತ ಸೊಪ್ಪಿನ ಪಲ್ಯ. ಮನೆಯ ಯಜಮಾನ ಎಪ್ಪತ್ತರ ಆಸುಪಾಸಿನ ತಾತ, ಅವರ ಮಗ, ಮಗಳು, ಅಳಿಯ. ಮರ ಹತ್ತುವವನು ಅಳಿಯ, ಹಗ್ಗ ಹಿಡಿಯುವವನು ಮಗ. ಈ ಕೆಲಸದಲ್ಲಿ ಯಾವುದರ ಭಯ ಹೆಚ್ಚು ಅಂತ ಕೇಳಿದರೆ ಹುಲಿ ಎನ್ನುತ್ತಾರೆಂದೋ, ಜೇನು ಎನ್ನುತ್ತಾರೆಂದೋ ಅಂದುಕೊಂಡಿದ್ದೆವು. ತಾತ ಮುದ್ದೆ ಮುರಿಯುತ್ತಾ, "ಲಂಟಾನ ಪೊದೆ ಕನಪ್ಪ" ಎಂದರು. ವಿವರಣೆ ನಾಳೆಗೆ ಎಂದು ಹೊಗೆಸೊಪ್ಪು ತೆಗೆದರು.

ಎರಡನೇ ದಿನ

ಬೆಳಗ್ಗೆ ಆರೂವರೆಗೆ ಮರ ನೋಡಲು ಹೊರಟೆವು. ಪೋಡಿನಿಂದ ಇಪ್ಪತ್ತು ನಿಮಿಷದ ದಾರಿ. ಕಾಫಿ ಗಿಡಗಳ ನಡುವೆ ನಡೆದು ತೋಟದ ಕೊನೆಗೆ. ಇಪ್ಪತ್ತು ನಿಮಿಷದ ದಾರಿಗೆ ಮುಕ್ಕಾಲು ಗಂಟೆ ಹಿಡಿಯಿತು, ಏಕೆಂದರೆ ತಾತ ಪ್ರತಿ ತಿರುವಿನಲ್ಲೂ ನಿಲ್ಲುತ್ತಿದ್ದರು. ನಿಂತಾಗ ಮಾಡುತ್ತಿದ್ದದ್ದು ಮೂರೇ ಕೆಲಸ. ಚಿಟಿಕೆ ದೂಳು ಎತ್ತಿ ಉದುರಿಸಿ ಗಾಳಿ ಯಾವ ಕಡೆಗೆ ಎಂದು ನೋಡುವುದು. ಕಿವಿಗೊಟ್ಟು ಕೇಳುವುದು. ಮೂಗೆಳೆದು ವಾಸನೆ ಹಿಡಿಯುವುದು. ಕಣ್ಣಿನ ಕೆಲಸ ಕಡಿಮೆ, ಅದಕ್ಕೆ ಕಾರಣ ದಾರಿಯ ಎರಡೂ ಬದಿಗೆ ಆಳೆತ್ತರಕ್ಕೂ ಮೀರಿ ಬೆಳೆದ ಲಂಟಾನ.

ತಾತ ಹುಡುಗರಾಗಿದ್ದಾಗ ಇದೇ ಜಾಗದಲ್ಲಿ ನಿಂತರೆ ಆಚೆ ದಿಣ್ಣೆಯ ಮೇಲಿನ ಕಾಟಿ ಕಾಣುತ್ತಿತ್ತಂತೆ. ಆಗ ವರ್ಷಕ್ಕೊಮ್ಮೆ, ಚಳಿ ಮುಗಿಯುವ ಹೊತ್ತಿಗೆ, ಬಿದ್ದ ಎಲೆಗೆ ಸಣ್ಣ ಬೆಂಕಿ ಇಡುತ್ತಿದ್ದರು. ಅದನ್ನು ತರಗುಬೆಂಕಿ ಎನ್ನುತ್ತಾರೆ. ತರಗೆಲೆ ಇನ್ನೂ ತೆಳ್ಳಗಿರುವಾಗ, ಹುಲ್ಲು ಪೂರ್ತಿ ಒಣಗುವ ಮೊದಲೇ ಇಟ್ಟ ಬೆಂಕಿ ಮೊಣಕಾಲು ಮೀರಿ ಏಳುವುದಿಲ್ಲ. ಪೊದೆಯ ಸಸಿ ಸಾಯುತ್ತದೆ, ಮರ ಉಳಿಯುತ್ತದೆ. ಅಭಯಾರಣ್ಯವಾದ ಮೇಲೆ ಅದು ನಿಂತಿತು, ಲಂಟಾನ ಹಬ್ಬಿತು ಎಂಬುದು ಇಲ್ಲಿನ ಹಿರಿಯರೆಲ್ಲರ ಮಾತು. ಈಗ ತರಗು ವರ್ಷಗಟ್ಟಲೆ ಕೂಡಿಕೊಂಡು, ಒಮ್ಮೆ ಹೊತ್ತಿದರೆ ಬೆಂಕಿ ಲಂಟಾನ ಹತ್ತಿ ಮರದ ತಲೆಗೇ ಹೋಗುತ್ತದೆ. ಇದನ್ನು ಕೇಳಿಸಿಕೊಳ್ಳದೆ ಕಾಡಿನ ಕಾವಲು ಮಾಡುವುದು ಹೇಗೆಂಬುದು ನಮಗಂತೂ ತಿಳಿಯದು.

ಲಂಟಾನದಲ್ಲಿ ಏನೇನು ಅಡಗಿರುತ್ತದೆ ಎಂಬುದು ಆ ಮುಕ್ಕಾಲು ಗಂಟೆಯ ಪಾಠ. ಮೊದಲು ಆನೆ. ಅಷ್ಟು ದೊಡ್ಡ ಪ್ರಾಣಿ ಹತ್ತು ಹೆಜ್ಜೆಯಾಚೆ ನಿಂತರೂ ಪೊದೆಯಲ್ಲಿ ಕಾಣುವುದಿಲ್ಲ. ಮೇಯುತ್ತಿದ್ದರೆ ಕೊಂಬೆ ಮುರಿಯುವ ಸದ್ದು ಇರುತ್ತದೆ, ಮನುಷ್ಯನ ವಾಸನೆ ಹಿಡಿದ ಕೂಡಲೇ ಆ ಸದ್ದು ನಿಂತುಹೋಗುತ್ತದೆ. ಹಾಗಾಗಿ ಹೆದರಬೇಕಾದದ್ದು ಸದ್ದಿಗಲ್ಲ, ಇದ್ದ ಸದ್ದು ಇದ್ದಕ್ಕಿದ್ದಂತೆ ನಿಂತಾಗ. ಮರಿಯಿರುವ ಹಿಂಡು, ಮದವೇರಿದ ಸಲಗ ಇವೆರಡರ ಹತ್ತಿರ ಸುಳಿಯಬಾರದು. ಕಣತಲೆಯಿಂದ ಕೆನ್ನೆಗೆ ಕಪ್ಪಗೆ ನೀರಿಳಿದಿದ್ದರೆ ಅದು ಮದ. ಲದ್ದಿ ಸಿಕ್ಕರೆ ತಾತ ಅದರೊಳಕ್ಕೆ ಬೆರಳಿಡುತ್ತಾರೆ. ನಡುವೆ ಬೆಚ್ಚಗಿದ್ದರೆ ಆ ದಿನ ಆ ದಾರಿ ಬಿಡುವುದು, ಮಾತೇ ಇಲ್ಲ. ಅಟ್ಟಿಸಿಕೊಂಡು ಬಂದರೆ ಓಡಿ ಗೆಲ್ಲುವುದು ಕನಸು, ಅದರ ಓಟ ಗಂಟೆಗೆ 25 ಕಿಲೋಮೀಟರ್ ಸಲೀಸಾಗಿ ಮುಟ್ಟುತ್ತದೆ. ಹೆಗಲ ಮೇಲಿನ ಟವೆಲ್ಲನ್ನೋ ಚೀಲವನ್ನೋ ಎಸೆದು, ಅದು ವಾಸನೆಯ ಬಟ್ಟೆಯ ಮೇಲೆ ಸಿಟ್ಟು ತೀರಿಸಿಕೊಳ್ಳುವಷ್ಟರಲ್ಲಿ ದಪ್ಪ ಮರಗಳ ಮರೆ ಹಿಡಿದು ಗಾಳಿಗೆ ಕೆಳಗಾಗಿ, ಅಂದರೆ ನಮ್ಮ ವಾಸನೆ ಅದಕ್ಕೆ ಹೋಗದ ಕಡೆಗೆ, ಸರಿಯಬೇಕು.

ಆನೆಗಿಂತ ಹೆಚ್ಚು ಹೆದರಿಕೆ ಕರಡಿಯದು. ಇದನ್ನು ತಾತ, ಮಗ, ಅಳಿಯ ಮೂವರೂ ಬೇರೆ ಬೇರೆ ಹೊತ್ತಿನಲ್ಲಿ ಹೇಳಿದರು. ಕರಡಿಗೂ ಜೇನೇ ಬೇಕು, ಅದೂ ಮರ ಹತ್ತುತ್ತದೆ. ಹಾಗಾಗಿ ಮನುಷ್ಯನೂ ಕರಡಿಯೂ ಒಂದೇ ಕಾಲದಲ್ಲಿ ಒಂದೇ ಮರದ ಬುಡಕ್ಕೆ ಬರುತ್ತಾರೆ. ಹುತ್ತ ಅಗೆಯುವಾಗ ಅದರ ಗಮನವೆಲ್ಲ ಗೆದ್ದಲಿನ ಮೇಲೆ. ಅದಕ್ಕೆ ಮೇಲಿನ ಮುಂಬಲ್ಲು ಎರಡು ಇರುವುದಿಲ್ಲ. ಆ ಸಂದಿಗೆ ತುಟಿ ಕೊಳವೆ ಮಾಡಿ, ದೂಳು ಊದಿ, ಗೆದ್ದಲು ಹೀರುತ್ತದೆ. ಆ ಹೀರುವ ಸದ್ದು ನೂರು ಹೆಜ್ಜೆಗೂ ಕೇಳುತ್ತದೆ. ಆ ಸದ್ದಿನಲ್ಲಿ ಅದಕ್ಕೆ ನಮ್ಮ ಹೆಜ್ಜೆ ಕೇಳುವುದಿಲ್ಲ, ಕಣ್ಣೂ ಅಷ್ಟಕ್ಕಷ್ಟೇ. ತೀರ ಹತ್ತಿರ ಹೋದಾಗ ಬೆಚ್ಚಿಬಿದ್ದು ಎದ್ದು ನಿಂತು ಮುಖಕ್ಕೇ ಕೈ ಹಾಕುತ್ತದೆ. ಉಗುರು ಬೆರಳುದ್ದ. ಹಾಗಾಗಿ ಆನೆ ದಾರಿಯಲ್ಲಿ ಮೌನ, ಕರಡಿ ದಾರಿಯಲ್ಲಿ ಮಾತು. ಹುತ್ತ ಹೊಸದಾಗಿ ಅಗೆದಿದ್ದರೆ ಕೆಮ್ಮುತ್ತಾ, ಕೋಲಿನಿಂದ ಮರ ಬಡಿಯುತ್ತಾ ಹೋಗುತ್ತಾರೆ. ಮೇಲೆ ಬಿದ್ದೇಬಿಟ್ಟರೆ ಬೋರಲು ಮಲಗಿ ಕುತ್ತಿಗೆಯ ಹಿಂದೆ ಎರಡೂ ಕೈ ಹೆಣೆದು ಮುಖ ನೆಲಕ್ಕೆ ಒತ್ತಿಕೊಳ್ಳುವುದು. ಕಣ್ಣು ಮೂಗು ಉಳಿಸಿಕೊಳ್ಳುವುದಕ್ಕೆ ಅದೊಂದೇ ದಾರಿ.

ಹುಲಿಯ ಬಗ್ಗೆ ಕೇಳಿದರೆ ತಾತನ ದನಿಯಲ್ಲಿ ಭಯವಿಲ್ಲ, ಮರ್ಯಾದೆಯಿದೆ. ಅವರ ಬಾಯಲ್ಲಿ ಅದು ಹುಲಿವೀರಪ್ಪ. "ಅಂವ ದಾರಿ ಬುಟ್ಕೊಡ್ತಾನೆ. ಮನುಷ ಇಟ್ಟದ್ದು ಬುಟ್ಕೊಡದಿಲ್ಲ" ಎಂದು ತೋಟದ ಬೇಲಿಯಾಚೆ ಬೆರಳು ಮಾಡಿದರು. ತಪ್ಪಲಿನ ಕಡೆ ಕಳ್ಳತನದಲ್ಲಿ ಒಡ್ಡುವ ತಂತಿ ಉರುಳು, ಹಂದಿಗೆಂದು ಹಣ್ಣಿನೊಳಗೆ ಅಡಗಿಸಿಡುವ ಸಿಡಿಮದ್ದು, ಹೊಲದ ಸುತ್ತ ನೇರ ಲೈನಿನಿಂದ ಎಳೆದ ಕರೆಂಟು ತಂತಿ. ಉರುಳು ಸಾಮಾನ್ಯವಾಗಿ ಪ್ರಾಣಿ ನುಸುಳುವ ಕಂಡಿಯಲ್ಲಿ, ಮೊಣಕಾಲಿನೆತ್ತರಕ್ಕೆ ಇರುತ್ತದೆ. ಕತ್ತಲಲ್ಲಿ ಕಂಡಿ ಕಂಡರೆ ಬಗ್ಗಿ ನುಸುಳುವ ಮುನ್ನ ಕೋಲು ಆಡಿಸಬೇಕು. ನೆಲದ ಮೇಲೆ ಅನಾಥವಾಗಿ ಬಿದ್ದ ಹಣ್ಣಿಗೋ ಉಂಡೆಗೋ ಕಾಲು ತಾಗಿಸಬಾರದು.

ಕೊನೆಗೂ ಮರ. ತೋಟದ ಕೊನೆಯಲ್ಲಿ ಒಂಟಿಯಾಗಿ ನಿಂತ ತಾರೆ ಮರ, ಮೊದಲ ಕೊಂಬೆಗೇ 60 ಅಡಿ. ಅಡ್ಡಕೊಂಬೆಗಳ ಕೆಳಗೆ ಏಳು ಜೇನುಹುಟ್ಟು ತೂಗುತ್ತಿದ್ದವು, ದೊಡ್ಡದು ಮೂರು ಮೊಳ ಅಗಲ. ಹೆಜ್ಜೇನು ತುಡುವೆ ಜೇನಿನಂತೆ ಪೊಟರೆಯೊಳಗೆ ಕೂರುವುದಿಲ್ಲ. ಬಯಲಿನಲ್ಲೇ ಒಂದೇ ಎರಿ ಕಟ್ಟಿ, ಸಾವಿರಾರು ಹುಳು ಒಂದರ ಮೇಲೊಂದು ಕೂತು ಪರದೆಯಂತೆ ಮುಚ್ಚಿಕೊಳ್ಳುತ್ತವೆ. ಕಣಜ ಹತ್ತಿರ ಸುಳಿದಾಗ ಆ ಪರದೆಯ ಮೇಲೆ ಅಲೆಯೊಂದು ಹರಿದುಹೋಗುತ್ತದೆ, ಗಾಳಿಗೆ ರಾಗಿ ತೆನೆ ಬಾಗಿದ ಹಾಗೆ. ತಾತ ಅದನ್ನೇ ನೋಡುತ್ತಾ ನಿಂತರು. ಕಣಜವಿಲ್ಲದೆಯೂ ಅಲೆ ಮೇಲಿಂದ ಮೇಲೆ ಎದ್ದರೆ ಹುಟ್ಟು ಸಿಟ್ಟಿನಲ್ಲಿದೆ, ಹಿಂದಿನ ರಾತ್ರಿ ಏನೋ ಕೆಣಕಿದೆ ಎಂದರ್ಥ. ಇವು ಶಾಂತವಾಗಿದ್ದವು. ಬುಡದ ತೊಗಟೆಯಲ್ಲಿ ಕರಡಿ ಉಗುರಿನ ಗೀರು ಇತ್ತು, ಹಳೆಯದು, ಅಂಚು ಕಪ್ಪಾಗಿತ್ತು. ಅಳಿಯ ಅದನ್ನು ಮುಟ್ಟಿ ನೋಡಿ ತಲೆಯಾಡಿಸಿದ.

ಆ ರಾತ್ರಿಯೇ ಹತ್ತಬೇಕೆಂದಿತ್ತು. ಮಧ್ಯಾಹ್ನ ಕೆಂಡದಲ್ಲಿ ಸುಟ್ಟ ನೂರೆ ಗೆಣಸು, ಅದಕ್ಕೆ ಹೋದ ವರ್ಷದ ಜೇನು ಸುರಿದುಕೊಂಡು ತಿನ್ನುತ್ತಿರುವಾಗ ಮೋಡ ಕವಿಯಿತು. ಮೂರೂವರೆಗೆ ಗುಡುಗು, ನಾಲ್ಕಕ್ಕೆ ಆಲಿಕಲ್ಲು. ಕಾರ್ಯಕ್ರಮ ರದ್ದು. ಮಳೆ ನಿಂತ ಮೇಲಾದರೂ ಹತ್ತಬಹುದಲ್ಲ ಅಂದರೆ ಅಳಿಯ ಎರಡು ಕಾರಣ ಕೊಟ್ಟ. ಸುತ್ತಲಿಗಿಂತ ಎತ್ತರದ ಒಂಟಿ ಮರ ಸಿಡಿಲಿಗೆ ಮೊದಲ ಗುರಿ, ದೂರದ ಗುಡುಗು ನಿಲ್ಲುವ ತನಕ ಅದರ ಬುಡಕ್ಕೂ ಹೋಗಬಾರದು. ಎರಡನೆಯದು, ನೆನೆದ ತೊಗಟೆಯ ಮೇಲಿನ ಪಾಚಿ ಸೋಪಿನಂತೆ ಜಾರುತ್ತದೆ. ಒಂದು ಹಗಲಿನ ಬಿಸಿಲು ಬೇಕು. ಜೀಪಿನ ಹುಡುಗ ಬೇಸರ ಮಾಡಿಕೊಂಡ. ತಾತನಿಗೆ ಬೇಸರವಿರಲಿಲ್ಲ. ಮುಂಗಾರು ಹಿಡಿದರೆ ಹೆಜ್ಜೇನು ಗುಳೆ ಎದ್ದು ಹೋಗುತ್ತವೆ, ಅಲ್ಲಿಗಂಟ ಇನ್ನೂ ಎರಡು ವಾರ ಅದೆ ಎಂದರು.

ಮೂರನೇ ದಿನ

ಹಗಲೆಲ್ಲ ತಯಾರಿ. ಮೊದಲು ಗೂಟ. ಕಿರುಬಿದಿರಿನ ಬುಡದ ಭಾಗ, ಒಳಗೆ ಪೊಳ್ಳಿಲ್ಲದ್ದು, ಮೊಳಕ್ಕೆ ಸ್ವಲ್ಪ ಕಡಿಮೆ ಉದ್ದ, ಒಂದು ತುದಿ ಚಪ್ಪಟೆಯಾಗಿ ಚೂಪು. ಒಂದೂವರೆ ಮೊಳಕ್ಕೊಂದರಂತೆ 60 ಅಡಿಗೆ 27 ಗೂಟ, ಒಡೆದರೆ ಇರಲಿ ಎಂದು ಮೇಲೆ ಐದು. ಹೊರತುದಿ ತುಸು ಮೇಲ್ಮುಖವಾಗಿರುವಂತೆ ಓರೆ ಹಿಡಿದು, ನಾಲ್ಕು ಬೆರಳು ಒಳಹೋಗುವ ತನಕ ಬಡಿಯಬೇಕು. ಹೀಗೆ ಓರೆಯಿದ್ದರೆ ಕಾಲಿನ ಭಾರ ಗೂಟವನ್ನು ಮರದೊಳಕ್ಕೇ ನೂಕುತ್ತದೆ. ನೇರ ಹೊಡೆದರೆ ಮೂರನೇ ಸಲ ಕಾಲಿಟ್ಟಾಗ ಸಡಿಲ. ಕಾಲು ಯಾವಾಗಲೂ ಕಾಂಡಕ್ಕೆ ಒತ್ತಿ ಇಡಬೇಕು, ಗೂಟದ ತುದಿಗೆ ಅಲ್ಲ. ಹೋದ ವರ್ಷದ ನಾಲ್ಕೈದು ಗೂಟಗಳು ಮರದಲ್ಲಿ ಇನ್ನೂ ಇದ್ದವು. ಅಳಿಯ ಒಂದೊಂದನ್ನೂ ಮುರಿದು ಕೆಡವಿದ. ಕಣ್ಣಿಗೆ ಗಟ್ಟಿ ಕಂಡು ಒಳಗೆ ಕುಂಬಾದ ಗೂಟ ಕತ್ತಲಲ್ಲಿ ಕೈಗೆ ಸಿಕ್ಕರೆ ನಂಬಿಬಿಡುತ್ತೇವೆ, ಬೀಳುವುದು ಬಹುಪಾಲು ಹೀಗೇ ಎಂದ. ಗೂಟ ಹೊಡೆಯುವ ಕೆಲಸ ಹಗಲಿನಲ್ಲಿ 40 ಅಡಿಯವರೆಗೆ ಮಾತ್ರ. ಅದರ ಮೇಲೆ ಬಡಿದರೆ ಅದುರು ಹುಟ್ಟಿಗೆ ತಲುಪುತ್ತದೆ, ಉಳಿದದ್ದು ರಾತ್ರಿಗೆ.

ಹೊಗೆ ಪಂಜಿನದು ನಿಜಕ್ಕೂ ಅಳತೆಯ ಕೆಲಸ. ನಡುವೆ ಒಣ ಹುಲ್ಲು, ಒಣ ಕಡ್ಡಿ. ಸುತ್ತ ಹಸಿ ಎಲೆಯ ಹೊದಿಕೆ. ತೋಳಿನುದ್ದ, ತೊಡೆಯ ದಪ್ಪ, ಗೇಣಿಗೊಂದರಂತೆ ಬಳ್ಳಿಯ ಬಿಗಿ ಕಟ್ಟು. ಒಣಗಿದ್ದು ಹೆಚ್ಚಾದರೆ ಉರಿ ಏಳುತ್ತದೆ, ಹುಳು ಸುಟ್ಟು ಸಾಯುತ್ತದೆ. ಹಸಿ ಹೆಚ್ಚಾದರೆ ಅರ್ಧ ಮರದಲ್ಲಿ ಆರಿಹೋಗುತ್ತದೆ. ಆರಿಹೋಗುವುದೇ ಹೆಚ್ಚು ಅಪಾಯ: ಹುಟ್ಟಿನ ಎದುರು ಕೂತವನ ಕೈಯಲ್ಲಿ ಹೊಗೆಯಿಲ್ಲ, ಕೆಳಗಿಳಿಯಲು ಹೊತ್ತೂ ಇಲ್ಲ. ಒಂದು ಹುಳು ಕಚ್ಚಿದರೆ ಮುಳ್ಳಿನ ಜೊತೆ ಮಾಗಿದ ಬಾಳೆಹಣ್ಣಿನಂಥ ವಾಸನೆ ಬಿಡುತ್ತದೆ, ಅದು ಉಳಿದ ಹುಳುಗಳಿಗೆ ಕರೆ. ಹೊಗೆ ಆ ವಾಸನೆಯನ್ನು ಮುಚ್ಚುತ್ತದೆ, ಅದರ ಮುಖ್ಯ ಉಪಯೋಗವೇ ಇದು.

ಹಗ್ಗ ಮರದ ಎತ್ತರದ ಎರಡರಷ್ಟು, ಮೇಲೆ 20 ಅಡಿ ಹೆಚ್ಚಿಗೆ. ಹಿಂದೆ ನಾರಿನದು ಹೊಸೆಯುತ್ತಿದ್ದರು, ಈಗ ನೈಲಾನ್. ನೈಲಾನ್ ಕೊಳೆಯುವುದಿಲ್ಲ, ಹಗುರ. ಆದರೆ ಕೆಂಡ ತಾಗಿದ ಕಡೆ ಕರಗಿ ದಾರದಷ್ಟೇ ಉಳಿಯುತ್ತದೆ. ಅದಕ್ಕೇ ಪಂಜು ಬಲಗಡೆಯಾದರೆ ಹಗ್ಗ ಎಡಗಡೆ. ಸಂಜೆ ಮಗ ಹಗ್ಗವನ್ನು ಮೊದಲಿಂದ ಕೊನೆಗೆ ಕಣ್ಣು ಮುಚ್ಚಿ ಬೆರಳಿನಿಂದ ಸವರಿ ನೋಡಿದ. ಗಂಟು ಕಟ್ಟಿದ ಒಂದು ಕಡೆ ಗಟ್ಟಿಯಾಗಿ, ಗಾಜಿನಂತೆ ತಾಗಿತು, ಹಳೆಯ ಕೆಂಡದ ಗುರುತು. ಅಲ್ಲಿಗೇ ಕತ್ತರಿಸಿ ಬಿಸಾಡಿದ.

ಮೈದುನನೇ ಹಗ್ಗ ಹಿಡಿಯಬೇಕೆಂಬುದರ ಲೆಕ್ಕ ತಾತ ಹೇಳಿದರು: "ಮ್ಯಾಗಿರೋನು ಬಿದ್ರೆ ತಾಳಿ ಹೋಗೋದು ಇವನ ಅಕ್ಕಂದು. ಅಂಥೋನು ಹಗ್ಗ ಬುಟ್ಟಾನಾ?" ನೀಲಗಿರಿಯ ಬಂಡೆಗಳಲ್ಲಿ ಬಳ್ಳಿಯ ಏಣಿ ಇಳಿಬಿಟ್ಟು ಜೇನು ಕೀಳುವ ಕುರುಂಬರಲ್ಲೂ ಏಣಿಯ ಕಾವಲಿಗೆ ಹೆಂಡತಿಯ ತಮ್ಮನನ್ನೋ ಅಣ್ಣನನ್ನೋ ನಿಲ್ಲಿಸುತ್ತಾರೆ. ಸೋಲಿಗರಿಗೆ ಈ ನಂಟಿನ ಬೆಲೆ ಇನ್ನೂ ಒಂದು ಬಗೆಯಲ್ಲಿ ಗೊತ್ತು. ಬೆಟ್ಟದ ಮೇಲಿನ ರಂಗನಾಥ ತಮ್ಮ ಕುಲದ ಕುಸುಮಾಲೆಯನ್ನು ಮದುವೆಯಾದವನು, ಹಾಗಾಗಿ ದೇವರು ಅವರಿಗೆ ಭಾವ. ರಾತ್ರಿ ಹೊರಡುವ ಮುನ್ನ ತಾತ ಗುಡಿಯ ದಿಕ್ಕಿಗೆ ಕೈಮುಗಿದದ್ದೂ "ಭಾವಯ್ಯ" ಎಂದೇ.

ಎಂಟೂವರೆಗೆ ಮರದ ಬುಡದಲ್ಲಿದ್ದೆವು. ಕೈ ಮುಂದೆ ಚಾಚಿದರೆ ಬೆರಳು ಕಾಣದ ಕತ್ತಲೆ. ಹೆಜ್ಜೇನು ಬೆಳುದಿಂಗಳಲ್ಲಿ ಹಾರಬಲ್ಲದು, ಹೂವಿಗೂ ಹೋಗುತ್ತದೆ; ಚಂದ್ರನಿಲ್ಲದಾಗ ಮಾತ್ರ ದಾರಿ ತಿಳಿಯದೆ ಕೂರುತ್ತದೆ. ಬುಡದ ಸುತ್ತ ಹತ್ತು ಹೆಜ್ಜೆಯಷ್ಟು ತರಗನ್ನು ಹಗಲೇ ಗುಡಿಸಿ ನೆಲ ಬಿಡಿಸಿದ್ದರು, ಕೆಂಡ ಬಿದ್ದರೂ ಹೊತ್ತಬಾರದೆಂದು. ಆ ಮಟ್ಟಿಗೆ ನೆನ್ನೆಯ ಮಳೆ ಉಪಕಾರವನ್ನೇ ಮಾಡಿತ್ತು. ಮಗ ಒದ್ದೆ ಗೋಣಿಚೀಲ ಹೊದ್ದು ಹಗ್ಗದ ಬಳಿ ಕೂತ. ನಮಗೆ ಜಾಗ ಮೂವತ್ತು ಹೆಜ್ಜೆಯಾಚೆ, ಕಾಫಿ ಗಿಡದ ಮರೆಯಲ್ಲಿ. ಟಾರ್ಚು ಬೇಡ, ಬೀಡಿ ಬೇಡ, ಮೊಬೈಲು ಆಫ್.

ಅಳಿಯ ಬರಿಗಾಲು, ತಲೆಗೆ ಎಣ್ಣೆ ಇಲ್ಲ, ಬೆಳಗಿನಿಂದ ಸೋಪು ತಾಗಿಸಿಲ್ಲ. ಸೊಂಟದಲ್ಲಿ ಬಿದಿರು ಸೀಳಿನ ಕತ್ತಿ, ಪಂಜು ಹಗ್ಗದಲ್ಲಿ ಕೆಳಗೆ ತೂಗುತ್ತಿತ್ತು. ಹತ್ತುವಾಗ ಅವನು ಸಣ್ಣ ದನಿಯಲ್ಲಿ ಏನೋ ಗುನುಗುತ್ತಿದ್ದ. ಗುನುಗು ಕೇಳುತ್ತಿರುವ ತನಕ ಕೆಳಗಿನವನಿಗೆ ನೆಮ್ಮದಿ. ನಿಂತರೆ ಹಗ್ಗ ಒಮ್ಮೆ ಎಳೆದು ಕೇಳಬೇಕು, ಎರಡು ಎಳೆತ ತಿರುಗಿ ಬಂದರೆ ಕೆಲಸ ನಡೆದಿದೆ, ಒಂದೇ ಬಂದರೆ ಇಳಿಸು ಎಂದರ್ಥ.

ಮೊದಲ ಪಂಜು 50 ಅಡಿಯಲ್ಲಿ ಆರಿತು. ಹೊದಿಕೆಯ ಎಲೆ ಮಳೆಯ ನೀರು ಕುಡಿದಿತ್ತು. ಗುನುಗು ನಿಂತಿತು. ಒಂದು ಎಳೆತ. ಅವನು ಇಳಿದು ಬಂದು, ಒಂದೂ ಮಾತಾಡದೆ ಹೊಸ ಪಂಜಿಗೆ ಒಣ ಹುಲ್ಲು ಸೇರಿಸಿ ಕಟ್ಟಿ, ಮತ್ತೆ ಹತ್ತಿದ. ಎರಡನೇ ಸಲ ಕೊಂಬೆ ತಲುಪಿದವನು ಮೊದಲು ಮಾಡಿದ್ದು ಸೊಂಟದ ಹಗ್ಗವನ್ನು ಮೇಲಿನ ಕೊಂಬೆಗೆ ಬಿಗಿದದ್ದು. ಕಚ್ಚಿದ ಕಡೆಗೆ ಕೈ ಹೋಗುವುದು ಮನುಷ್ಯನ ಗುಣ, ಎರಡೂ ಕೈ ಬಿಟ್ಟರೂ ತೂಗಾಡುವಂತೆ ಕಟ್ಟಿಕೊಂಡಿರಬೇಕು. ಆಮೇಲೆ ಮುಖ ಪಕ್ಕಕ್ಕೆ ತಿರುಗಿಸಿ ಉಸಿರು ಬಿಡುತ್ತಾ, ಏಕೆಂದರೆ ಉಸಿರಿನ ಬಿಸಿ ತಾಗಿದರೆ ಹುಳು ಕೆರಳುತ್ತದೆ, ಪಂಜನ್ನು ಹುಟ್ಟಿನ ಮೇಲಿನ ಕೊಂಬೆಗೆ ಮೆಲ್ಲಗೆ ಬಡಿದ. ಕಿಡಿಗಳು ಸುರಿದವು. ಮಳೆ ಸುರಿದಂಥ ಸದ್ದಿನೊಂದಿಗೆ ಇಡೀ ಪರದೆ ಕಳಚಿ ಕಿಡಿಗಳ ಹಿಂದೆ ಕೆಳಕ್ಕೆ ಹರಿಯಿತು. ನೆಲಕ್ಕೆ ಬಂದ ಹುಳುಗಳು ಕತ್ತಲಲ್ಲಿ ಮೇಲೇರಲಾರವು, ಬೆಳಗಾಗುವ ತನಕ ಅಲ್ಲೇ ಹರಿದಾಡುತ್ತವೆ.

ಆಗಲೇ ಎಡವಟ್ಟಾಯಿತು. ಜೀಪಿನ ಹುಡುಗನ ಜೇಬಿನಲ್ಲಿ ಮೊಬೈಲು ಆಫ್ ಆಗಿರಲಿಲ್ಲ. ಕರೆ ಬಂದು ಅಂಗಿಯ ಬಟ್ಟೆಯೊಳಗಿಂದ ಬೆಳಕು ಮೂಡಿತು. ನಾಲ್ಕು ಸೆಕೆಂಡೂ ಇಲ್ಲ, ಹತ್ತಿಪ್ಪತ್ತು ಹುಳು ಆ ಬೆಳಕಿಗೇ ಬಂದವು. ಐದು ಕಡೆ ಕಚ್ಚಿದವು. ಅವನು ಕೈ ಬೀಸಲು ಹೋದಾಗ ತಾತ ತೋಳು ಹಿಡಿದು, ಮೊಬೈಲು ನೆಲಕ್ಕೆ ಬೋರಲು ಹಾಕಿಸಿ, ಅವನ ತಲೆಗೆ ಗೋಣಿ ಮುಚ್ಚಿ, ತಗ್ಗಿಸಿಕೊಂಡು ಕಾಫಿ ಗಿಡಗಳ ನಡುವೆ ನಡೆಸಿದರು. ಹೊಡೆದು ಸಾಯಿಸಿದರೆ ವಾಸನೆ ಇನ್ನಷ್ಟು ಕರೆಯುತ್ತದೆ. ದೂರ ಹೋದ ಮೇಲೆ ಉಗುರಿನಿಂದ ಕೆರೆದು ಮುಳ್ಳು ತೆಗೆದರು. ಮುಳ್ಳಿನ ಜೊತೆ ವಿಷದ ಚೀಲವೂ ಉಳಿದು ಒಳಕ್ಕೆ ಒತ್ತುತ್ತಲೇ ಇರುತ್ತದೆ. ಹೇಗೆ ತೆಗೆದಿರಿ ಎನ್ನುವುದಕ್ಕಿಂತ ಎಷ್ಟು ಬೇಗ ತೆಗೆದಿರಿ ಎನ್ನುವುದು ಮುಖ್ಯ. ಊತ, ಉರಿ ಇರುವ ತನಕ ಚಿಂತೆಯಿಲ್ಲ. ತುಟಿ, ನಾಲಿಗೆ ದಪ್ಪಗಾಗುವುದು, ಮೈಯೆಲ್ಲ ದದ್ದು, ಉಸಿರು ಕಟ್ಟುವುದು ಕಂಡರೆ ಮಾತ್ರ ಒಂದೇ ಮುಳ್ಳಾದರೂ ತಡಮಾಡದೆ ಆಸ್ಪತ್ರೆ. ಬೆಟ್ಟದಲ್ಲಿ ಡಾ. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಆಸ್ಪತ್ರೆಯಿದೆ ಎಂಬುದು ಇಲ್ಲಿನವರ ಧೈರ್ಯ. ಹುಡುಗನಿಗೆ ಊತವಷ್ಟೇ.

ಮೇಲೆ ಅಳಿಯ ಇದ್ಯಾವುದೂ ತಿಳಿಯದೆ ಕೊಯ್ಯುತ್ತಿದ್ದ. ಜೇನು ತುಂಬಿರುವುದು ಕೊಂಬೆಗೆ ಅಂಟಿದ ದಪ್ಪ ಭಾಗದ ಒಂದು ತುದಿಯಲ್ಲಿ, ಮರಿಯಿರುವುದು ಕೆಳಗಿನ ತೆಳು ಭಾಗದಲ್ಲಿ. ಜೇನಿನ ತುದಿಯನ್ನಷ್ಟೇ ಕೊಯ್ದು ಮರಿಯ ಭಾಗ ಬಿಟ್ಟರೆ ಹುಳು ತಿರುಗಿ ಬಂದು ಕೂರುತ್ತದೆ. ಪೂರ್ತಿ ಕೆಡವಿದರೆ ಆ ವರ್ಷದ ಮಟ್ಟಿಗೆ ಅಷ್ಟೇ. ಡಬ್ಬ ಎರಡು ಸಲ ಇಳಿಯಿತು. ಏಳರಲ್ಲಿ ನಾಲ್ಕು ಹುಟ್ಟು ಮುಟ್ಟಿದ, ತೆಳು ಕೊಂಬೆಯ ತುದಿಯಲ್ಲಿದ್ದ ಮೂರನ್ನು ಬಿಟ್ಟ. ಜೇನು ಮೆತ್ತಿದ ಕೈ ಜಾರುತ್ತದೆ, ಇಳಿಯುವ ಮುನ್ನ ಬೂದಿ ಉಜ್ಜಿಕೊಳ್ಳಬೇಕು. ಅದಕ್ಕೆಂದೇ ಸೊಂಟದಲ್ಲಿ ಸಣ್ಣ ಗಂಟು ಇತ್ತು. ನೆಲ ಮುಟ್ಟಿದಾಗ ಹನ್ನೊಂದಾಗಿತ್ತು. ತಾತ ಒಂದು ತುಂಡು ಎರಿಯನ್ನು ಎಲೆಯ ಮೇಲಿಟ್ಟು ಬುಡದಲ್ಲಿ ಬಿಟ್ಟರು. ಹುಲಿವೀರಪ್ಪನ ಪಾಲು, ಅವನಿಗೆ ಮರ ಹತ್ತಲು ಬರುವುದಿಲ್ಲವಲ್ಲ ಎಂದರು. ಆಮೇಲೆ ಬಿದ್ದ ಕೆಂಡವನ್ನೆಲ್ಲ ಒಂದೊಂದಾಗಿ ಹುಡುಕಿ, ಬೆರಳಿಗೆ ಬಿಸಿ ತಾಗದ ತನಕ ನೀರು ಹಾಕಿಯೇ ಹೊರಟದ್ದು.

ನಾಲ್ಕನೇ ದಿನ

ಬೆಳಗ್ಗೆ ಅಳಿಯನ ಎಡಗಣ್ಣು ಮುಚ್ಚುವಷ್ಟು ಊದಿತ್ತು. ಹೆಂಡತಿ ಎಣಿಸಿದಳು, ಹದಿನೇಳು. ಅವನು ಅಂಗಳದಲ್ಲಿ ಕೂತು ಗೂಟ ಕೆತ್ತುವ ಕತ್ತಿ ಮಸೆಯುತ್ತಿದ್ದ.

ಎರಿಯನ್ನು ಕೈಯಲ್ಲಿ ಹಿಂಡಲಿಲ್ಲ. ಮರಿ, ಹೂಪುಡಿ ಇರುವ ಅಂಚು ಕತ್ತರಿಸಿ ಬೇರೆಯಿಟ್ಟು, ಉಳಿದದ್ದನ್ನು ತುಂಡು ಮಾಡಿ ತೆಳು ಬಟ್ಟೆಯ ಮೇಲೆ ಹರಡಿ ತಾನಾಗಿ ಸೋರಲು ಬಿಟ್ಟರು. ಹಿಂಡಿದರೆ ಮರಿಯ ರಸ ಸೇರಿ ಬೇಗ ಹುಳಿಯುತ್ತದೆ. ಹೆಜ್ಜೇನಿನಲ್ಲಿ ಮೊದಲೇ ನೀರಿನಂಶ ಹೆಚ್ಚು. ಮನೆಗೆ ಕೊಂಡುಹೋದವರು ಬಾಟಲಿ ಅಂಚಿನವರೆಗೆ ತುಂಬಬಾರದು, ಮೊದಲ ವಾರಗಳಲ್ಲಿ ಮುಚ್ಚಳ ಆಗಾಗ ಸಡಿಲಿಸಬೇಕು. ಒಟ್ಟು 22 ಕಿಲೋ. ನೇರಳೆ ಹೂವಿನ ಕಾಲವಾದ್ದರಿಂದ ಕೊನೆಗೊಂದು ಕಹಿ ಒಗರು. ಮನೆಗೆ ಎರಡು ಕಿಲೋ ಇಟ್ಟುಕೊಂಡು ಉಳಿದದ್ದು ಗಿರಿಜನರ ಲ್ಯಾಂಪ್ಸ್ ಸಹಕಾರ ಸಂಘಕ್ಕೆ.

ಇಳಿಯುವುದು ಕ್ಯಾತದೇವರ ಗುಡಿಯ ದಾರಿಯಲ್ಲಿ, ಚಾಮರಾಜನಗರಕ್ಕೆ. ಹೊರಡುವ ಮುನ್ನ ತಾತನ ಜೊತೆ ಇನ್ನೊಮ್ಮೆ ಮರದ ಬಳಿ ಹೋದೆವು. ಎಲೆಯ ಮೇಲಿಟ್ಟ ಎರಿ ಇರಲಿಲ್ಲ. ಬುಡದ ಗುಡಿಸಿದ ನೆಲದಲ್ಲಿ, ನಮ್ಮ ಹೆಜ್ಜೆಗಳ ಮೇಲೆಯೇ, ಐದು ಉಗುರಿನ ಗುರುತಿರುವ ಅಗಲ ಪಾದ ಮೂಡಿತ್ತು. ತಾತ ಬಗ್ಗಿ ನೋಡಿ, "ಕರಡಿ. ನಾವು ಹೋದ ಗಳಿಗೆಗೇ ಬಂದದೆ" ಎಂದರು. ಹಾಗಾದರೆ ನಾವಿದ್ದಾಗ ಅದು ಎಲ್ಲಿತ್ತು ಎಂದು ಕೇಳಿದೆವು. ಅವರು ಇಪ್ಪತ್ತು ಹೆಜ್ಜೆಯಾಚೆಗಿನ ಲಂಟಾನದ ಕಡೆ ನೋಡಿದರು. ಮೇಲೆ, ಕೊಯ್ದ ನಾಲ್ಕು ಹುಟ್ಟುಗಳಲ್ಲಿ ಮೂರರ ಮೇಲೆ ಹುಳು ತಿರುಗಿ ಬಂದು ಕಪ್ಪಗೆ ಕೂತಿದ್ದವು. ತಾತ ಕೋಲಿನಿಂದ ಪಕ್ಕದ ಮರಕ್ಕೆ ಮೂರು ಸಲ ಬಡಿದು, ಜೋರಾಗಿ ಕೆಮ್ಮಿ, ನಮ್ಮನ್ನು ಮುಂದೆ ಬಿಟ್ಟುಕೊಂಡು ಪೋಡಿನ ಕಡೆ ಹೊರಟರು.